ಹೇರೆತ್ತಿನ ಲೆಕ್ಕ: ಯುದ್ಧದಾಟದಲ್ಲಿ ದಂಡಿಗೆ ದವಸ ಹೊಂದಿಸುವ ಬಗೆ

ಇಂದು ರಾಣೆಬೆನ್ನೂರಿನಿಂದ ಹಾವೇರಿಗೆ ಹೊರಟ ಬಸ್ಸು, ಬ್ಯಾಡಗಿಗೆ ಹೋಗತಕ್ಕವರನ್ನು ಮೋಟೆಬೆನ್ನೂರಿನಲ್ಲಿ ಇಳಿಸಿ, ಒಂದು ಗಂಟೆ ತುಂಬುವುದರೊಳಗೆ ತನ್ನ ನಿಲ್ದಾಣವನ್ನು ಸೇರಿಬಿಡುತ್ತದೆ. ಅಲ್ಲಿಂದ ಸವಣೂರಿಗೆ ಇನ್ನೊಂದು ಗಂಟೆಯ ಪಯಣ. 1800ನೆಯ ಇಸವಿಯ ಮುಂಗಾರಿನಲ್ಲಿ ಇದೇ ಸೀಮೆಯನ್ನು ಹಾದುಹೋದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ದಂಡು, ಜೂನ್ 27ರಂದು ರಾಣೆಬೆನ್ನೂರಿನ ಕೋಟೆಯನ್ನು ಏಣಿ ಹಾಕಿ ಹತ್ತಿ ಹಿಡಿದ ಬಳಿಕ ಸವಣೂರನ್ನು ಮುಟ್ಟುವ ಹೊತ್ತಿಗೆ ಜುಲೈ 12 ಆಗಿತ್ತು. ಅರವತ್ತು ಕಿಲೋಮೀಟರಿನ ಆಸುಪಾಸಿನ ದಾರಿಗೆ ಹದಿನೈದು ದಿನ. ಶತ್ರುವು ದಾರಿಗಡ್ಡವಾಗಿ ನಿಂತು ಹೆಜ್ಜೆಹೆಜ್ಜೆಗೂ ಕಾದಿದ್ದರೆ ಈ ವಿಳಂಬಕ್ಕೆ ಅರ್ಥವಿರುತ್ತಿತ್ತು. ಆದರೆ ಆಗ ಧೋಂಡಿಯ ವಾಘನು ಇನ್ನೂ ಉತ್ತರದ ಕಡೆಗಿದ್ದನು. ದಂಡನ್ನು ತಡೆದು ನಿಲ್ಲಿಸಿದವು ಎರಡೇ: ತುಂಬಿ ಹರಿಯುತ್ತಿದ್ದ ವರದಾನದಿ, ಮತ್ತು ಹಿಂದಿನಿಂದ ಬಂದು ಸೇರಬೇಕಾಗಿದ್ದ ದವಸ.

ಚನ್ನಗಿರಿಯಲ್ಲಿ ಹುಟ್ಟಿ, ಟಿಪ್ಪುವಿನ ಸೆರೆಯಲ್ಲಿದ್ದು, 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಬಿಡುಗಡೆ ಹೊಂದಿ, ‘ಉಭಯ ಲೋಕಾಧೀಶ್ವರ’ನೆಂಬ ಬಿರುದನ್ನು ತಾನೇ ಧರಿಸಿಕೊಂಡು ತುಂಗಭದ್ರೆಯ ಉತ್ತರದ ಸೀಮೆಯಲ್ಲಿ ದಂಡು ಕಟ್ಟಿದ ಈ ಧೋಂಡಿಯನ ಬೆನ್ನಟ್ಟುವಿಕೆಯನ್ನೇ ವಿಷಯವಾಗಿಟ್ಟುಕೊಂಡು, ಕಳೆದ ವರ್ಷ ನಾನೂ ನನ್ನ ಮಿತ್ರರಾದ ಒಬ್ಬ ನಿವೃತ್ತ ಗಣಿತೋಪಾಧ್ಯಾಯರೂ ಮೇಜಿನ ಮೇಲೆ ಆಡತಕ್ಕ ಒಂದು ಯುದ್ಧದಾಟವನ್ನು ರೂಪಿಸಿಕೊಂಡೆವು. ಹರಿಹರದಿಂದ ಕುಂದಗೋಳದವರೆಗಿನ ಪಟವನ್ನು ಬರೆದು, ಅದನ್ನು ಐದೈದು ಕಿಲೋಮೀಟರಿನ ಷಟ್ಕೋನದ ಮನೆಗಳಾಗಿ ವಿಭಾಗಿಸಿ, ಒಂದು ಸರದಿಗೆ ಐದು ದಿನಗಳೆಂದು ಗೊತ್ತುಮಾಡಿದೆವು. ಮೊದಲ ಆಟದಲ್ಲಿ ನಾನು ಕಂಪನಿಯ ದಂಡಿನ ನಾಯಕ. ಸಿಪಾಯಿಗಳೆಷ್ಟು, ಸವಾರರೆಷ್ಟು ಎಂದು ಎಣಿಸಿ, ತಲೆಗೊಂದು ಸೇರಿನಂತೆ ಧಾನ್ಯವನ್ನು ಗುಣಿಸಿ, ಸಾಕಷ್ಟು ಇದೆಯೆಂಬ ನೆಮ್ಮದಿಯಿಂದ ಹರಿಹರದಲ್ಲಿ ನದಿ ದಾಟಿದೆನು. ಮೋಟೆಬೆನ್ನೂರಿನ ಮನೆಯನ್ನು ದಾಟುವ ಮೊದಲೇ ನನ್ನ ಕಣಜ ಬರಿದಾಯಿತು. ಮಿತ್ರರು ಒಂದು ಗುಂಡನ್ನೂ ಹಾರಿಸಿರಲಿಲ್ಲ.

ಆ ಸೋಲಿನ ತರುವಾಯ ನಾವಿಬ್ಬರೂ ಕುಳಿತು ಲೆಕ್ಕವನ್ನು ಬುಡದಿಂದ ಕಟ್ಟಿದೆವು. ಇಂಥ ಆಟವನ್ನು ಆಡತಕ್ಕವರಿಗೂ ಹೊಸದಾಗಿ ರಚಿಸತಕ್ಕವರಿಗೂ ಆ ಲೆಕ್ಕ ಉಪಯೋಗಕ್ಕೆ ಬರಬಹುದೆಂಬ ಭಾವನೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅಳತೆಯ ಮಾತು. ಹಳೆಯ ಕಾಗದಪತ್ರಗಳಲ್ಲಿ ಸೇರು, ಮಣ, ಹೇರು ಎಂಬ ಶಬ್ದಗಳು ಹೆಜ್ಜೆಗೊಮ್ಮೆ ಬರುತ್ತವೆ. ಆದರೆ ಸೇರೆಂಬುದು ಒಂದೆಡೆ ತೂಕ, ಇನ್ನೊಂದೆಡೆ ಅಳೆಯುವ ಪಾತ್ರೆ, ಮತ್ತು ಊರಿನಿಂದ ಊರಿಗೆ ಅದರ ಪ್ರಮಾಣವೇ ಬೇರೆ. ಬ್ರಿಟಿಷರ ಕಾಲದಲ್ಲಿ ಎಂಬತ್ತು ತೊಲೆಯ ಸೇರು ನಿಂತಮೇಲೆ ಅದು ಸುಮಾರು 933 ಗ್ರಾಮು, ನಲವತ್ತು ಸೇರಿನ ಮಣ ಸುಮಾರು 37 ಕಿಲೋಗ್ರಾಮು ಎಂದಾಯಿತು. 1800ರ ಕಾಗದಕ್ಕೆ ಈ ಲೆಕ್ಕವನ್ನು ಕಣ್ಣುಮುಚ್ಚಿ ಹಚ್ಚಕೂಡದು. ಆಟಕ್ಕೆ ಎಲ್ಲವನ್ನೂ ಕಿಲೋದಲ್ಲಿ ಹಿಡಿದು, ಆಮೇಲೆ ಹೇರಿಗೆ ಪರಿವರ್ತಿಸಿಕೊಳ್ಳುವುದೇ ಕ್ಷೇಮ. ಏಕೆಂದರೆ ದಂಡಿನಲ್ಲಿ ಕೊನೆಗೆ ಲೆಕ್ಕಕ್ಕೆ ಬರುವುದು ಒಂದು ಎತ್ತಿನ ಬೆನ್ನಿನ ಮೇಲೆ ಎಷ್ಟು ಕುಳಿತೀತು ಎಂಬುದೇ. ನಾವು ಒಂದು ಹೇರನ್ನು 70 ಕಿಲೋ ಎಂದು ಗೊತ್ತುಮಾಡಿದೆವು. ಗಟ್ಟಿ ಎತ್ತು ಒಣದಾರಿಯಲ್ಲಿ ಇದಕ್ಕಿಂತ ಹೆಚ್ಚನ್ನು ಹೊತ್ತೀತು; ಆದರೆ ದಿನದಿನವೂ ನಡೆಯಬೇಕಾದ ಎತ್ತಿಗೆ, ಅದೂ ಮಳೆಯಲ್ಲಿ, ಅದಕ್ಕಿಂತ ಹೆಚ್ಚು ಹೇರುವುದು ನ್ಯಾಯವಲ್ಲ.

ಇನ್ನು ಬಾಯಿಗಳನ್ನು ಎಣಿಸುವ ವಿಚಾರ. ನನ್ನ ಮೊದಲ ತಪ್ಪು ಇದ್ದುದೇ ಇಲ್ಲಿ. ಆ ಕಾಲದ ದಂಡೆಂದರೆ ನಡೆದಾಡುವ ಒಂದು ಪೇಟೆ. ಸಿಪಾಯಿಯ ಹಿಂದೆ ಅವನ ಹೆಂಡತಿಯೋ ಆಳೋ, ಕುದುರೆಯ ಹಿಂದೆ ಅದನ್ನು ತಿಕ್ಕಿ ತೊಳೆಯುವ ಲಾಯದಾಳು ಮತ್ತು ಅದಕ್ಕೆ ಹುಲ್ಲು ಕೊಯ್ದು ತರುವವನು, ಡೇರೆ ಹೊಡೆಯುವವರು, ಡೋಲಿ ಹೊರುವವರು, ಅಗಸರು, ಕಮ್ಮಾರರು, ದಿನಸಿನ ಅಂಗಡಿಯವರು: ಇವರೆಲ್ಲರೂ ದಿನಕ್ಕೆರಡು ಹೊತ್ತು ಉಣ್ಣತಕ್ಕವರೇ. 1799ರಲ್ಲಿ ಜನರಲ್ ಹ್ಯಾರಿಸನು ಶ್ರೀರಂಗಪಟ್ಟಣದ ಮೇಲೆ ಹೋದಾಗ, ಕಾದುವವರಿಗಿಂತ ಹಿಂಬಾಲಕರೇ ಹಲವು ಪಟ್ಟು ಹೆಚ್ಚಾಗಿದ್ದರೆಂಬುದೂ, ಎತ್ತುಗಳು ಲಕ್ಷವನ್ನು ಮೀರಿದ್ದವೆಂಬುದೂ ಇತಿಹಾಸ ಓದಿದವರಿಗೆಲ್ಲ ತಿಳಿದ ಸಂಗತಿ. ಅಷ್ಟು ಎತ್ತುಗಳಿದ್ದೂ, ಮುತ್ತಿಗೆಯ ನಡುವೆ ಏಪ್ರಿಲ್ 16ರಂದು ಅಕ್ಕಿಯನ್ನು ಅಳೆಸಿ ನೋಡಿದರೆ, ಕಾದುವವರಿಗೆ ಮಾತ್ರ ಅರ್ಧ ಪಡಿಯಂತೆ ಕೊಟ್ಟರೂ ಹದಿನೆಂಟು ದಿನಕ್ಕಾಗುವಷ್ಟೇ ಉಳಿದಿತ್ತು. ಕೋಟೆ ಬಿದ್ದುದು ಮೇ 4ರಂದು. ಕೈಬೆರಳನ್ನು ಮಡಿಸಿ ಎಣಿಸಿ ನೋಡಿದರೆ, ಆ ಲಗ್ಗೆಯ ತಾರೀಖನ್ನು ಗೊತ್ತುಮಾಡುವುದರಲ್ಲಿ ತೋಪಿನಷ್ಟೇ ಪಾಲು ಅಕ್ಕಿಗೂ ಇತ್ತೆಂಬುದು ಗೊತ್ತಾಗುತ್ತದೆ.

ಆಟದಲ್ಲಿ ಇಷ್ಟು ದೊಡ್ಡ ದಂಡು ಬೇಕಿಲ್ಲ. ನಮ್ಮ ಪಟದ ದಂಡಿನಲ್ಲಿ 5,000 ಕಾಲಾಳು, 1,500 ಸವಾರರು. ಇದು ನಾವು ಆಟಕ್ಕೆಂದು ಹಿಡಿದ ಸಂಖ್ಯೆಯೇ ಹೊರತು ವೆಲ್ಲೆಸ್ಲಿಯ ಹಾಜರಿಪಟ್ಟಿಯಲ್ಲ. ಕಾಲಾಳಿಗೆ ಒಬ್ಬರಂತೆ, ಸವಾರನಿಗೆ ಇಬ್ಬರಂತೆ ಹಿಂಬಾಲಕರನ್ನು ಹಿಡಿದರೆ 8,000, ಅಂಗಡಿಮುಂಗಟ್ಟಿನವರು 500. ಒಟ್ಟು ಬಾಯಿಗಳು 15,000. ದುಡಿಯುವ ಗಂಡಾಳಿಗೆ ಒಂದು ಸೇರು, ಹೆಂಗಸರು ಮಕ್ಕಳಿಗೆ ಅದಕ್ಕಿಂತ ಕಡಮೆ. ಸರಾಸರಿಯಾಗಿ ಬಾಯಿಗೆ 800 ಗ್ರಾಮು ಧಾನ್ಯ. ಬೇಳೆ, ಉಪ್ಪು, ಎಣ್ಣೆ, ಮೆಣಸಿನಕಾಯಿ ಎಲ್ಲವನ್ನೂ ಈ 800ರೊಳಗೇ ಅಡಗಿಸತಕ್ಕದ್ದು. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಒಬ್ಬನಿಗೆ ಒಂದು ಪ್ರಸ್ಥ ಅಕ್ಕಿ, ಅದರ ಕಾಲುಭಾಗ ಬೇಳೆ ಎಂದು ಮೊದಲುಗೊಂಡು ಉಪ್ಪಿನವರೆಗೆ ಬಿಡಿಸಿ ಹೇಳಿರುವುದುಂಟು. ರಾಜ್ಯವನ್ನಾಳುವವನಿಗೆ ಆ ಸೂಕ್ಷ್ಮತೆ ಅವಶ್ಯ, ಆಟವಾಡುವವನಿಗೆ ಅದು ಭಾರ. 1979ರಲ್ಲಿ ಅಮೆರಿಕೆಯಲ್ಲಿ ಪ್ರಕಟವಾದ, ಉತ್ತರ ಆಫ್ರಿಕದ ಯುದ್ಧವನ್ನು ಕುರಿತ ಒಂದು ಪ್ರಸಿದ್ಧ ಆಟದಲ್ಲಿ, ಇಟಲಿಯ ಸೈನಿಕರು ಪಾಸ್ತಾ ಬೇಯಿಸುವುದಕ್ಕೆ ಬೇಕಾದ ಹೆಚ್ಚಿನ ನೀರಿಗೂ ನಿಯಮವಿದೆ. ಆ ಆಟವನ್ನು ಪೂರೈಸಲು ಸುಮಾರು 1,500 ಗಂಟೆ ಬೇಕೆನ್ನುತ್ತಾರೆ. ಎಣಿಸಬಹುದಾದುದನ್ನೆಲ್ಲ ಎಣಿಸುವುದು ವಿವೇಕವಲ್ಲ. ಯಾವುದು ಮುಗಿದರೆ ದಂಡು ನಿಲ್ಲುತ್ತದೆಯೋ ಅದನ್ನು ಮಾತ್ರ ಎಣಿಸಬೇಕು.

ಹಾಗೆ ನೋಡಿದರೆ ಬಾಯಿಗಳಿಗೆ ದಿನಕ್ಕೆ 120 ಕ್ವಿಂಟಲು. 1,500 ಕುದುರೆಗಳಿಗೆ ತಲಾ ನಾಲ್ಕು ಕಿಲೋ ದಾಣಿ, ಅಂದರೆ ಹುರುಳಿಯೋ ಕಡಲೆಯೋ, 60 ಕ್ವಿಂಟಲು. ಗಮನಿಸಬೇಕಾದ ಮಾತು ಇದು: ಒಂದು ಕುದುರೆಯ ದಾಣಿ ಐದು ಮನುಷ್ಯರ ಊಟಕ್ಕೆ ಸಮ. ಸವಾರರನ್ನು ಹೆಚ್ಚಿಸಿಕೊಂಡಷ್ಟೂ ದಂಡು ಚುರುಕಾಗುತ್ತದೆಂದು ತಿಳಿಯುವ ಆಟಗಾರನು, ಆ ಚುರುಕಿಗೆ ತೆರಬೇಕಾದ ಹುರುಳಿಯನ್ನು ಮರೆತಿರುತ್ತಾನೆ. ಎರಡೂ ಕೂಡಿ ದಿನಕ್ಕೆ 180 ಕ್ವಿಂಟಲು. 70 ಕಿಲೋದ ಹೇರಿನಂತೆ 257 ಎತ್ತು. ಹತ್ತು ದಿನಕ್ಕೆ 2,570 ಎತ್ತು ಸಾಕೆಂದು ಇಲ್ಲಿಯೇ ಗೆರೆ ಎಳೆದರೆ ಎರಡನೆಯ ತಪ್ಪಾಗುತ್ತದೆ.

ಆ ತಪ್ಪನ್ನು ನನಗೆ ತೋರಿಸಿಕೊಟ್ಟವರು ಗಣಿತೋಪಾಧ್ಯಾಯರಲ್ಲ. ಹಾವೇರಿಯ ದನದ ಸಂತೆಯಲ್ಲಿ ಕಂಡ ಒಬ್ಬ ಮುದುಕರು. ಎತ್ತಿನ ವಿಷಯವನ್ನು ಪುಸ್ತಕದಿಂದ ಕಲಿಯುವುದಕ್ಕಿಂತ ಕಣ್ಣಾರೆ ನೋಡಿ ಕಲಿಯೋಣವೆಂದು ಸಂತೆಗೆ ಹೋಗಿದ್ದೆನು. ಕೊಂಬಿಗೆ ಹುರಿ ಸುತ್ತಿ, ಮೈಗೆ ಬಣ್ಣ ಬಳಿದು ನಿಲ್ಲಿಸಿದ ಹೋರಿಗಳ ಸಾಲು ಮುಗಿದ ಕಡೆ, ದುಡಿಯುವ ಎತ್ತುಗಳ ಒಂದು ಜೋಡಿಯನ್ನು ಹಿಡಿದುಕೊಂಡು ಆ ಹಿರಿಯರು ಬೇವಿನ ನೆರಳಿನಲ್ಲಿ ಕುಳಿತಿದ್ದರು. “ಅಜ್ಜಾರ, ಎತ್ತು ಬೆನ್ನ ಮ್ಯಾಲೆ ಹೇರು ಹೊತ್ತು ದಿನಕ್ಕ ಎಷ್ಟು ದೂರ ನಡೀತಾವ್ರೀ?” ಎಂದು ಕೇಳಿದೆನು. ಅವರು ನನ್ನ ಮುಖವನ್ನು ನೋಡದೆ ಎತ್ತಿನ ಬಾಯಿಯನ್ನು ತೋರಿಸಿದರು. ಅದು ಕಣ್ಣನ್ನು ಅರ್ಧ ಮುಚ್ಚಿ, ದವಡೆಯನ್ನು ಒಂದೇ ಕಡೆಗೆ ತಿರುವುತ್ತ ಮೆಲುಕು ಹಾಕುತ್ತಿತ್ತು. “ನಡಿಯೂದು ದೊಡ್ಡದಲ್ರೀ ಸರ. ಮೇಯಾಕ ಹೊತ್ತು ಕೊಡಬೇಕು, ಮೇದಿದ್ದು ಮೆಲಕ ಹಾಕಾಕ ಮತ್ತ ಅಷ್ಟ ಹೊತ್ತು ಕೊಡಬೇಕು. ಅದನ್ನ ಕಸಗೊಂಡ್ರ ಹುಲ್ಲಿನ್ಯಾಗ ನಿಂತ್ರೂ ಎತ್ತು ಬಡಕಾಗತೈತಿ.”

ಇಷ್ಟು ಮಾತಿನಲ್ಲಿ ಆ ಹಿರಿಯರು ಸೇನಾಪತಿಗಳ ಎಷ್ಟೋ ಗ್ರಂಥಗಳ ಸಾರವನ್ನು ಹೇಳಿದ್ದರು. ಎತ್ತು ಮೇಯುವುದಕ್ಕೆ ದಿನದ ಮೂರನೆಯ ಒಂದು ಪಾಲೂ, ಮೆಲುಕು ಹಾಕುವುದಕ್ಕೆ ಹೆಚ್ಚುಕಡಮೆ ಅಷ್ಟೇ ಹೊತ್ತೂ ಬೇಕು. ಉಳಿದ ಹೊತ್ತಿನಲ್ಲಿ ನಡೆದರೆ ಹದಿನೈದು ಕಿಲೋಮೀಟರು ಒಳ್ಳೆಯ ನಡಿಗೆ. ಅದನ್ನು ಮೀರಿ ನಡೆಸಬೇಕಾದರೆ, ಮೇಯಲು ಹೊತ್ತಿಲ್ಲದ ಎತ್ತಿಗೆ ನಾವೇ ಕಾಳನ್ನೋ ಹಿಂಡಿಯನ್ನೋ ಉಣಿಸಬೇಕು; ಆ ಕಾಳನ್ನೂ ಅದೇ ಎತ್ತು ಹೊರಬೇಕು. ಎತ್ತಿಗೆ ದಿನಕ್ಕೆ ಒಂದೇ ಕಿಲೋ ಕಾಳು ಹಿಡಿಯೋಣ. ಮೂರೆತ್ತಿಗೆ ಒಬ್ಬ ಎತ್ತಿನಾಳು. ಅವನ 800 ಗ್ರಾಮಿನ ಮೂರನೆಯ ಒಂದು ಪಾಲು ಈ ಎತ್ತಿನ ಬೆನ್ನಿನದೇ. ಅಂತೂ ಪ್ರತಿಯೊಂದು ಎತ್ತೂ ತಾನು ಹೊತ್ತ 70 ಕಿಲೋದಲ್ಲಿ ದಿನಕ್ಕೆ ಸುಮಾರು 1.27 ಕಿಲೋವನ್ನು ತನಗೂ ತನ್ನವನಿಗೂ ತೆಗೆದುಕೊಳ್ಳುತ್ತದೆ. ಲೆಕ್ಕದ ಸೂತ್ರ ಸರಳ: ದಿನಗಳನ್ನು 1.27ರಿಂದ ಗುಣಿಸಿ 70ರಲ್ಲಿ ಕಳೆಯಿರಿ. ಉಳಿದುದೇ ಒಂದು ಎತ್ತು ದಂಡಿಗೆ ನಿಜವಾಗಿ ಮುಟ್ಟಿಸುವ ಧಾನ್ಯ. ದಂಡಿನ ಒಟ್ಟು ಬೇಡಿಕೆಯನ್ನು ಅದರಿಂದ ಭಾಗಿಸಿದರೆ ಎತ್ತುಗಳ ಸಂಖ್ಯೆ ದೊರೆಯುತ್ತದೆ.

ನಮ್ಮ ದಂಡಿಗೆ ಹೀಗೆ ಲೆಕ್ಕ ಹಾಕಿದಾಗ ಹತ್ತು ದಿನಕ್ಕೆ ಸುಮಾರು 3,140 ಎತ್ತುಗಳು ಬಂದವು. ಇಪ್ಪತ್ತು ದಿನಕ್ಕೆ ಅದರ ಇಮ್ಮಡಿಯಲ್ಲ, 8,060. ಮೂವತ್ತು ದಿನಕ್ಕೆ 16,875. ದಿನಗಳು ಮೂರು ಪಟ್ಟಾದರೆ ಎತ್ತುಗಳು ಐದು ಪಟ್ಟನ್ನೂ ಮೀರುತ್ತವೆ. ಐವತ್ತೈದು ದಿನವಾಯಿತೆಂದರೆ ಎತ್ತು ತಾನು ಹೊತ್ತದ್ದನ್ನೆಲ್ಲ ತನ್ನ ಹೊಟ್ಟೆಗೂ ತನ್ನಾಳಿನ ಹೊಟ್ಟೆಗೂ ಮುಗಿಸಿ, ದಂಡಿಗೆ ಒಂದು ಕಾಳನ್ನೂ ಕೊಡಲಾರದು. ಈ ಅಂಕಿಗಳನ್ನು ಕಾಗದದ ಮೇಲೆ ಕಂಡ ರಾತ್ರಿ ನನಗೆ ಸುಲಭವಾಗಿ ನಿದ್ರೆ ಬರಲಿಲ್ಲ. ಎಷ್ಟೋ ದಂಡಯಾತ್ರೆಗಳ ಕಥೆಯನ್ನು ಓದುವಾಗ, ಗೆಲ್ಲುವ ಹೊತ್ತಿಗೆ ನಾಯಕನೇಕೆ ಹಿಂದೆ ಸರಿದನೆಂದು ನಾನು ಕೇಳಿಕೊಂಡಿದ್ದ ಪ್ರಶ್ನೆಗಳಿಗೆಲ್ಲ ಆ ಒಂದು ಕಳೆಯುವ ಲೆಕ್ಕದಲ್ಲಿ ಉತ್ತರವಿತ್ತು. ಅಲೆಕ್ಸಾಂಡರನ ಸೈನ್ಯದ ಸಾಗಾಟವನ್ನು ಕುರಿತು ಡೊನಾಲ್ಡ್ ಎಂಗಲ್ಸ್ ಎಂಬ ವಿದ್ವಾಂಸರು 1978ರಲ್ಲಿ ಪ್ರಕಟಿಸಿದ ಗ್ರಂಥವೂ ಈ ಬಗೆಯ ಲೆಕ್ಕದ ಮೇಲೆಯೇ ನಿಂತಿದೆ.

ಮೇಜಿನ ಮೇಲೆ ಭಾಗಾಕಾರ ಮಾಡುತ್ತ ಕುಳಿತರೆ ಆಟದ ಸೊಗಸು ಹೋಗುತ್ತದೆ. ಅದಕ್ಕೆ ನಾವು ಹುಣಸೆಬೀಜವನ್ನು ಆಶ್ರಯಿಸಿದೆವು. ಒಂದು ಬೀಜವೆಂದರೆ ನೂರು ಹೇರೆತ್ತು. ಐದು ದಿನದ ಒಂದು ಸರದಿಗೆ ದಂಡಿನ ಊಟಕ್ಕೆ ಹದಿಮೂರು ಬೀಜಗಳನ್ನು ತೆಗೆದಿಡಬೇಕು; ಅದಲ್ಲದೆ, ಹೊರಟಾಗ ಜತೆಗಿದ್ದ ಪ್ರತಿ ಹನ್ನೊಂದು ಬೀಜಕ್ಕೆ ಒಂದರಂತೆ ಎತ್ತುಗಳ ಪಾಲನ್ನೂ ತೆಗೆಯಬೇಕು. ಬರಿಬೆನ್ನಿನ ಎತ್ತೂ ತಿನ್ನುತ್ತದೆಂಬುದನ್ನು ಮರೆಯಕೂಡದು. ಆದಕಾರಣ ಹೇರು ಇಳಿದ ಎತ್ತುಗಳನ್ನು ಕಾವಲಿನೊಡನೆ ಹಿಂದಕ್ಕೆ ಕಳಿಸಿದರೆ ಅವುಗಳ ಪಾಲು ಉಳಿಯುತ್ತದೆ, ಕಳಿಸದಿದ್ದರೆ ಉಳಿಯುವುದಿಲ್ಲ. ಪ್ರತಿ ಸರದಿಯಲ್ಲೂ ಆಟಗಾರನು ಈ ನಿರ್ಣಯವನ್ನು ಮಾಡಬೇಕು, ಏಕೆಂದರೆ ಕಾವಲಿಗೆ ಕಳಿಸಿದ ಸಿಪಾಯಿಗಳು ಕಾಳಗಕ್ಕೆ ಸಿಕ್ಕುವುದಿಲ್ಲ.

ಇಲ್ಲಿಯೇ ಲಂಬಾಣಿಗರ ವಿಷಯ ಬರುತ್ತದೆ. ಇಂದು ಹಾವೇರಿ ಸೀಮೆಯ ಅನೇಕ ತಾಂಡಾಗಳಲ್ಲಿ ಬೇಸಾಯಗಾರರಾಗಿ ನೆಲೆಸಿರುವ ಇವರ ಪೂರ್ವಿಕರು, ಸಾವಿರಾರು ಎತ್ತುಗಳ ಮೇಲೆ ಧಾನ್ಯವನ್ನೂ ಉಪ್ಪನ್ನೂ ಹೇರಿಕೊಂಡು, ಅಗ್ಗವಾಗಿರುವ ಕಡೆ ಕೊಂಡು ತುಟ್ಟಿಯಾಗಿರುವ ಕಡೆ ಮಾರುತ್ತ ದಕ್ಷಿಣಾಪಥವನ್ನೆಲ್ಲ ಸಂಚರಿಸುತ್ತಿದ್ದವರು. ಮೊಗಲರ ದಂಡಿಗಾಗಲಿ ಮರಾಠರ ದಂಡಿಗಾಗಲಿ ಕಂಪನಿಯ ದಂಡಿಗಾಗಲಿ ಅವರಿಲ್ಲದೆ ಊಟವಿರಲಿಲ್ಲ. ಅವರ ಎತ್ತುಗಳು ದಾರಿಯುದ್ದಕ್ಕೂ ಮೇಯುತ್ತ ಬರುವುದರಿಂದ ಕಾಳಿನ ಪಾಲನ್ನು ಕೇಳುವುದಿಲ್ಲ. ಆ ಎತ್ತುಗಳನ್ನು ಹಿಡಿದು ಲೆಕ್ಕ ಹಾಕಿದರೆ ಮೂವತ್ತು ದಿನಕ್ಕೆ 16,875ರ ಬದಲು ಸುಮಾರು 8,710 ಎತ್ತು ಸಾಕು. ಅವರು ನಿಧಾನವಾಗಿ ನಡೆಯುತ್ತಾರೆ. ಅವಸರಿಸಿದರೆ ಮೇವು ತಪ್ಪುತ್ತದೆ. ಅವರು ಯಾರ ಕೂಲಿಯವರೂ ಅಲ್ಲ, ಸ್ವತಂತ್ರ ವ್ಯಾಪಾರಿಗಳು. ದಾರಿಯಲ್ಲಿ ಸುಲಿಗೆಯ ಭಯವಿದ್ದರೆ, ಅಥವಾ ದಂಡಿನ ಪೇಟೆಯಲ್ಲಿ ಬೆಲೆ ನ್ಯಾಯವಾಗಿರದಿದ್ದರೆ, ಅವರು ಬೇರೆ ದಾರಿ ಹಿಡಿಯುತ್ತಾರೆ. ನಮ್ಮ ಆಟದಲ್ಲಿ ಧೋಂಡಿಯನ ಸವಾರರು ದಾರಿಯಿಂದ ಎರಡು ಮನೆಗಳ ಅಂತರದೊಳಗಿದ್ದರೆ ಲಂಬಾಣಿಗರ ಬೀಜಗಳು ಆ ಸರದಿಯಲ್ಲಿ ಮುಂದಕ್ಕೆ ಬಾರವು. ಈ ಒಂದೇ ನಿಯಮದಿಂದ ಧೋಂಡಿಯನ ಪಾತ್ರವನ್ನು ವಹಿಸುವವನಿಗೆ ಕಾಳಗವನ್ನು ಕೊಡದೆಯೇ ಗೆಲ್ಲುವ ಉಪಾಯ ದೊರೆಯಿತು, ಆಟಕ್ಕೂ ಜೀವ ಬಂತು.

ಇದಕ್ಕೆ ಚರಿತ್ರೆಯ ಸಾಕ್ಷಿಯೂ ಉಂಟು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನು ಅರಕೆರೆಯ ಬಳಿ ಕಾಳಗವನ್ನು ಗೆದ್ದು ಶ್ರೀರಂಗಪಟ್ಟಣದ ಬಾಗಿಲಿಗೆ ಬಂದು ನಿಂತಿದ್ದರೂ, ಎತ್ತುಗಳು ಮೇವಿಲ್ಲದೆ ಸತ್ತು, ದವಸ ಮುಗಿದು, ಮುತ್ತಿಗೆಯ ದೊಡ್ಡ ತೋಪುಗಳನ್ನು ತಾನೇ ಒಡೆದುಹಾಕಿ ಹಿಂದಿರುಗಬೇಕಾಯಿತು. ಹಾಗೆ ಹಿಂದಿರುಗಿದ ಮೊದಲ ದಿನವೇ, ತುಂಬಿದ ಪೇಟೆಯೊಡನೆ ಬರುತ್ತಿದ್ದ ಪರಶುರಾಮಭಾವು ಮತ್ತು ಹರಿಪಂತರ ಮರಾಠಾ ಸೈನ್ಯ ಎದುರಾಯಿತು. ಅವರು ಇಷ್ಟು ಸಮೀಪದಲ್ಲಿದ್ದಾರೆಂಬ ವಾರ್ತೆಯೇ ಅವನಿಗೆ ಮುಟ್ಟಿರಲಿಲ್ಲ. ಟಿಪ್ಪುವಿನ ಸವಾರರು ಓಲೆಕಾರರನ್ನೆಲ್ಲ ನಡುದಾರಿಯಲ್ಲೇ ಹಿಡಿದಿದ್ದರು. ಆ ಅನುಭವದ ಮೇಲೆ ಲಂಬಾಣಿಗರನ್ನು ಒಲಿಸಿ ಸಾಗಾಟವನ್ನು ಏರ್ಪಡಿಸಿಕೊಂಡು ಅವನು 1792ರಲ್ಲಿ ಮತ್ತೆ ಬಂದಾಗ ಫಲಿತಾಂಶ ಬೇರೆಯಾಯಿತು.

ಇನ್ನು ಮೇವು. ಕುದುರೆಗೆ ದಾಣಿಯಲ್ಲದೆ ದಿನಕ್ಕೆ ಹತ್ತು ಕಿಲೋದಷ್ಟು ಒಣಮೇವು ಬೇಕು. 1,500 ಕುದುರೆಗಳಿಗೆ 150 ಕ್ವಿಂಟಲು. ಇದನ್ನೂ ಏಕೆ ಹೊತ್ತೊಯ್ಯಬಾರದೆಂಬ ಪ್ರಶ್ನೆಗೆ ಉತ್ತರವನ್ನು ನಾನು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಕಂಡುಕೊಂಡೆನು. ಸುಗ್ಗಿಯ ದಿನಗಳಲ್ಲಿ ಅಲ್ಲಿ ಕೆಂಪು ಚೀಲಗಳು ಗೋಡೆಯಂತೆ ನಿಂತಿರುತ್ತವೆ. ಗಾಳಿ ಬೀಸಿದರೆ ಘಾಟಿಗೆ ಹೊಸಬರ ಕಣ್ಣಲ್ಲಿ ನೀರು ಬರುತ್ತದೆ. ಹಮಾಲರು ಆನೆಯ ಗಾತ್ರದ ಚೀಲವನ್ನು ಬೆನ್ನಿಗೆ ಏರಿಸಿಕೊಂಡು ಸರಾಗವಾಗಿ ನಡೆಯುವುದನ್ನು ಕಂಡು ಬೆರಗಾಗಿ ವಿಚಾರಿಸಿದರೆ, ಅದೇ ಗಾತ್ರದ ಜೋಳದ ಚೀಲದ ಅರ್ಧ ತೂಕವೂ ಅದಕ್ಕಿಲ್ಲ. ಒಣಗಿ ಸುಕ್ಕಾದ ಬ್ಯಾಡಗಿ ಕಾಯಿಯ ಒಳಗೆಲ್ಲ ಗಾಳಿ. ಲಾರಿ ಜಾಗದಿಂದ ತುಂಬುತ್ತದೆಯೇ ಹೊರತು ತೂಕದಿಂದಲ್ಲ. ಕಣಿಕಿಯೂ ಹುಲ್ಲೂ ಹಾಗೆಯೇ. ಎತ್ತಿನ ಬೆನ್ನು ಭಾರವನ್ನು ತಡೆದೀತು, ಗಾತ್ರವನ್ನು ತಡೆಯದು. ಹುಲ್ಲಿನ ಹೇರು ಹೊತ್ತ ಎತ್ತು ತನ್ನ ಹೊರೆಯನ್ನು ತಾನೇ ಎರಡು ಮೂರು ದಿನಕ್ಕೆ ತಿಂದು ಮುಗಿಸೀತು. ಆದಕಾರಣ ಮೇವು ನೆಲದಿಂದಲೇ ದೊರೆಯಬೇಕು, ದೊರೆಯದ ನೆಲದಲ್ಲಿ ದಂಡು ನಿಲ್ಲಕೂಡದು. ನಮ್ಮ ಪಟದಲ್ಲಿ ಮುಂಗಾರಿನ ಕಾಲಕ್ಕೆ ಒಂದು ಮನೆಯ ಮೇವು ಇಡೀ ದಂಡಿಗೆ ಎರಡು ಸರದಿ, ಬೇಸಗೆಯಲ್ಲಿ ಅರ್ಧ ಸರದಿ. ಮೇದು ಮುಗಿದ ಮನೆಯ ಮೇಲೆ ಒಂದು ಕಲ್ಲನ್ನಿಟ್ಟು, ಆ ಋತು ಮುಗಿಯುವವರೆಗೆ ತೆಗೆಯುವುದಿಲ್ಲ. 1790ರ ಕೊನೆಯ ತಿಂಗಳುಗಳಿಂದ 1791ರ ಏಪ್ರಿಲಿನವರೆಗೆ ಧಾರವಾಡವನ್ನು ಮುತ್ತಿ ಕುಳಿತ ಪರಶುರಾಮಭಾವುವಿನ ದಂಡಿನ ಸುತ್ತ ಇಂಥ ಎಷ್ಟು ಕಲ್ಲುಗಳನ್ನಿಡಬೇಕಾದೀತೆಂದು ಯೋಚಿಸಿದರೆ, ಮುತ್ತಿಗೆಯೆಂಬುದು ಒಳಗಿನವರಿಗೆ ಮಾತ್ರವಲ್ಲದೆ ಹೊರಗಿನವರಿಗೂ ಉಪವಾಸದ ಪರೀಕ್ಷೆಯೆಂಬುದು ಮನಸ್ಸಿಗೆ ಬರುತ್ತದೆ.

ನೀರಿನ ಲೆಕ್ಕವನ್ನು ಮುಂಗಾರಿನ ಆಟದಲ್ಲಿ ಬಿಟ್ಟುಬಿಡಬಹುದು. ಬೇಸಗೆಯ ಆಟವಾದರೆ ಮನುಷ್ಯನಿಗೆ ಐದು, ಕುದುರೆಗೂ ಎತ್ತಿಗೂ ಮೂವತ್ತು ಲೀಟರಿನಂತೆ ಹಿಡಿದರೆ, ನಮ್ಮ ದಂಡಿಗೆ ದಿನಕ್ಕೆ ಎರಡು ಲಕ್ಷ ಲೀಟರನ್ನು ಮೀರುತ್ತದೆ. ಹಾವೇರಿಯ ಹೆಗ್ಗೇರಿಯಂಥ ದೊಡ್ಡ ಕೆರೆಯಿರುವ ಮನೆಗಳಲ್ಲೂ ನದಿಯ ದಡದಲ್ಲೂ ಮಾತ್ರ ಬಿಡಾರ ಮಾಡಬಹುದೆಂಬ ನಿಯಮ ಸಾಕು.

ಋತುವಿನ ವಿಚಾರದಲ್ಲಿ ಸ್ವಲ್ಪ ನಿಂತು ನೋಡಬೇಕು. ವೆಲ್ಲೆಸ್ಲಿಯು ರಾಣೆಬೆನ್ನೂರನ್ನು ಹಿಡಿದುದು ಆರಿದ್ರಾ ಮಳೆಯಲ್ಲಿ. ವರದೆಯನ್ನು ದಾಟಿದುದು ಪುನರ್ವಸುವಿನಲ್ಲಿ. ಆ ಹೊತ್ತಿಗೆ ಎಳೆಹುಲ್ಲು ಚಿಗುರಿರುವುದರಿಂದ ಎತ್ತಿಗೆ ಮೇವುಂಟು. ಆದರೆ ಅದೇ ಮಳೆಗೆ ನೆನೆದ ಎರೆಮಣ್ಣು ಎತ್ತಿನ ಗೊರಸಿಗೂ ಗಾಲಿಗೂ ಹಿಟ್ಟಿನಂತೆ ಮೆತ್ತಿಕೊಳ್ಳುತ್ತದೆ. ಆದಕಾರಣ ನಾವು ಮಳೆ ಬಿದ್ದ ಸರದಿಯಲ್ಲಿ ನಡಿಗೆಯನ್ನು ಮೂರನೆಯ ಒಂದಕ್ಕೆ ಇಳಿಸಿ, ಊಟವನ್ನು ಹಾಗೆಯೇ ಇಟ್ಟೆವು. ದೂರದ ಲೆಕ್ಕದಲ್ಲಿ ದವಸವನ್ನು ಅಳೆಯುವ ಆಟಗಾರನು ಇಲ್ಲಿ ಮೋಸಹೋಗುತ್ತಾನೆ. ಊಟಕ್ಕೆ ಲೆಕ್ಕ ದಿನಗಳೇ ಹೊರತು ಹರಿದಾರಿಗಳಲ್ಲ.

ಹಳ್ಳಿಗಳಲ್ಲಿ ಧಾನ್ಯವಿಲ್ಲವೇ, ಅದನ್ನು ಕೊಳ್ಳಬಾರದೇ ಎಂದು ಓದುಗರು ಕೇಳಬಹುದು. ಧಾನ್ಯವುಂಟು, ಆದರೆ ಹಗೇವಿನಲ್ಲಿ. ನಮ್ಮ ಸೀಮೆಯ ಹಳೆಯ ಮನೆಗಳ ಅಂಗಳದಲ್ಲಿ, ಊರ ಬಯಲಿನಲ್ಲಿ ನೆಲದೊಳಗೆ ತೋಡಿದ ಈ ಕಣಜಗಳಿಗೆ ಒಳಗೆಲ್ಲ ಜೋಳದ ಕಣಿಕಿಯನ್ನು ಹಾಸಿ, ಜೋಳವನ್ನು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣೆಳೆದರೆ, ವರ್ಷಗಟ್ಟಲೆ ಹುಳ ಹತ್ತದೆ ಉಳಿಯುತ್ತಿತ್ತು. ತೆಗೆಯುವಾಗ ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ದೀಪವನ್ನು ಹಗ್ಗದಲ್ಲಿ ಇಳಿಸಿ ಅದು ಆರದಿದ್ದರೆ ಮಾತ್ರ ಆಳನ್ನು ಇಳಿಸುತ್ತಿದ್ದರು. ಒಳಗಿನ ಕೆಟ್ಟ ಗಾಳಿಗೆ ಪ್ರಾಣ ಹೋಗುವುದುಂಟು. ಮಳೆಗಾಲದಲ್ಲಿ ಹಗೇವನ್ನು ತೆರೆಯುವವರಿಲ್ಲ. ತೇವ ತಗುಲಿದರೆ ಉಳಿದ ಕಾಳೆಲ್ಲ ಮುಗ್ಗುತ್ತದೆ. ಮೇಲಾಗಿ ದಂಡು ಬಂತೆಂಬ ಸುದ್ದಿ ಕೇಳಿದ ರೈತನು ಹಗೇವಿನ ಮೇಲೆ ನೇಗಿಲು ಹೊಡೆದು, ದನಗಳನ್ನು ಅಟ್ಟಿಕೊಂಡು ಅಡವಿ ಸೇರುತ್ತಿದ್ದನು. ಅವನನ್ನು ನಾನು ಮನಸಾರೆ ಮೆಚ್ಚುತ್ತೇನೆ. ಅವನ ಮಕ್ಕಳ ಮುಂದಿನ ವರ್ಷದ ರೊಟ್ಟಿ ಆ ನೆಲದೊಳಗಿತ್ತು. ಆದಕಾರಣ ಆಟದಲ್ಲಿ ಹಣ ಕೊಟ್ಟು ಕೊಳ್ಳುವ ದಂಡಿಗೆ ಮನೆಗೆ ಒಂದು ಬೀಜ ಪ್ರತಿ ಸರದಿಯಲ್ಲೂ ಸಿಕ್ಕುವಂತೆ, ಸುಲಿಯುವ ದಂಡಿಗೆ ಮೊದಲ ಸಲ ಮೂರು ಬೀಜ ಸಿಕ್ಕಿ ಆಮೇಲೆ ಆ ಮನೆಯಲ್ಲೂ ಸುತ್ತಲಿನ ಆರು ಮನೆಗಳಲ್ಲೂ ಏನೂ ಸಿಕ್ಕದಂತೆ ನಿಯಮಿಸಿದೆವು. ಹಿಂದಿನಿಂದ ಬರುವ ದವಸಕ್ಕೆ ಮೈಸೂರಿನ ದಿವಾನ್ ಪೂರ್ಣಯ್ಯನವರ ಸಹಾಯವು ವೆಲ್ಲೆಸ್ಲಿಗೆ ಆಧಾರವಾಗಿತ್ತು. ಆಟದಲ್ಲಿ ಅದನ್ನು ಚಿತ್ರದುರ್ಗದ ಕಡೆಯಿಂದ ಸರದಿಗೆ ಹತ್ತು ಬೀಜವೆಂದು ಹಿಡಿದಿದ್ದೇವೆ. ಹದಿಮೂರು ಬೇಕಾದಲ್ಲಿ ಹತ್ತು ಬರುವುದರಿಂದ ನಾಯಕನಿಗೆ ಕೈಚೆಲ್ಲಿ ಕುಳಿತುಕೊಳ್ಳಲು ಆಸ್ಪದವಿಲ್ಲ.

ನಷ್ಟಕ್ಕೆಂದು ಹತ್ತರಲ್ಲಿ ಒಂದು ಪಾಲನ್ನು ಪ್ರತಿ ಸರದಿಯಲ್ಲೂ ತೆಗೆದುಹಾಕಿ. ಮಳೆಗೆ ನೆಂದು ಮೊಳೆತ ಕಾಳು, ಹರಿದ ಗೋಣಿ, ಕಾಲುಜಾರಿ ಬಿದ್ದ ಎತ್ತು, ರಾತ್ರಿ ಕಾಣೆಯಾದ ಚೀಲ ಇವೆಲ್ಲ ಅದರಲ್ಲಿ ಅಡಗುತ್ತವೆ. ನದಿ ದಾಟುವ ಸರದಿಯಲ್ಲಿ ಈ ಪಾಲನ್ನು ಇಮ್ಮಡಿಸಬೇಕು. ಹರಿಗೋಲುಗಳಲ್ಲಿ ಧಾನ್ಯವನ್ನು ದಾಟಿಸಿ, ಎತ್ತುಗಳನ್ನು ಈಜಿಸಿ ಆಚೆ ದಡದಲ್ಲಿ ಮತ್ತೆ ಹೇರು ಕಟ್ಟುವುದು ದಿನಗಟ್ಟಲೆಯ ಕೆಲಸ.

ಕೊರತೆ ಬಿದ್ದಾಗ ಯಾರಿಗೆ ಮೊದಲು ಪೆಟ್ಟು ಬೀಳಬೇಕು? ಅನೇಕ ಆಟಗಳಲ್ಲಿ ದವಸ ಮುಗಿದ ಕ್ಷಣವೇ ಸೈನಿಕರ ಬಲವನ್ನು ಕಡಮೆ ಮಾಡುತ್ತಾರೆ, ಅದು ಸರಿಯಲ್ಲ. ನಿಜದಲ್ಲಿ ಮೊದಲು ಸೊರಗುವುದು ಕುದುರೆ. ದಾಣಿ ತಪ್ಪಿದ ಮೊದಲ ಸರದಿಯಲ್ಲೇ ಸವಾರರ ನಡಿಗೆಯನ್ನು ಇಳಿಸಿರಿ. ಎರಡನೆಯದು ಎತ್ತು, ಬೀಜಗಳ ಐದರಲ್ಲಿ ಒಂದನ್ನು ತೆಗೆಯಿರಿ. ಆಮೇಲೆ ಹಿಂಬಾಲಕರು ರಾತ್ರೋರಾತ್ರಿ ಚದುರುತ್ತಾರೆ. ಹುಲ್ಲು ಕೊಯ್ಯುವವನು ಹೋದಮೇಲೆ ಕುದುರೆ ಇನ್ನೂ ಸೊರಗುತ್ತದೆ. ಸಿಪಾಯಿಯು ಅರ್ಧ ಪಡಿಯ ಮೇಲೆ ಬಹಳ ದಿನ ನಿಲ್ಲುತ್ತಾನೆ. ಅವನ ಬಲ ಕುಗ್ಗುವುದು ಎಲ್ಲಕ್ಕೂ ಕೊನೆಗೆ. ಅರ್ಧ ಪಡಿಗೆ ಇಳಿಸುವ ಆಜ್ಞೆಯನ್ನು ಬೇಗ ಕೊಟ್ಟ ನಾಯಕನೇ ಜಾಣ, ಏಕೆಂದರೆ ಹದಿಮೂರು ಬೀಜದ ಕಡೆ ಎಂಟರಲ್ಲಿ ಸರದಿ ಕಳೆಯುತ್ತದೆ.

ವೆಲ್ಲೆಸ್ಲಿಯು ಸವಣೂರಿನಲ್ಲಿ ಮಾಡಿದ ಕೆಲಸವನ್ನೂ ಹೇಳಬೇಕು. ಭಾರವಾದ ಸಾಮಾನುಗಳನ್ನೂ ಪೇಟೆಯನ್ನೂ ಅಲ್ಲಿ ಬಿಟ್ಟು, ಹಗುರವಾದ ದಂಡಿನೊಡನೆ ಅವನು ಜುಲೈ 14ರಂದು ಕುಂದಗೋಳವನ್ನು ಹಿಡಿದನು. 26ಕ್ಕೆ ಡಂಬಳ ಬಿತ್ತು. 30ರಂದು ಮಲಪ್ರಭೆಯ ದಡದಲ್ಲಿ ಮುನವಳ್ಳಿಯ ಬಳಿ ಧೋಂಡಿಯನ ಪಾಳೆಯವೊಂದು ಹಾಳಾಯಿತು. ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಧೋಂಡಿಯನು ಮಡಿದನು. ಹದಿನೈದು ದಿನಕ್ಕೆ ಅರವತ್ತು ಕಿಲೋಮೀಟರು ನಡೆದ ದಂಡೇ ಆಮೇಲೆ ಹೀಗೆ ಹಾರಿತು. ಬಾಯಿಗಳನ್ನು ಹಿಂದೆ ಬಿಡುವ ಈ ಅವಕಾಶ ಆಟದಲ್ಲಿ ಇರಲೇಬೇಕು: ಕಾವಲಿರುವ ಊರಿನಲ್ಲಿ ಹಿಂಬಾಲಕರ ಅರ್ಧವನ್ನು ಬಿಟ್ಟು ಹೊರಟರೆ ಸರದಿಗೆ ಹದಿಮೂರರ ಬದಲು ಹತ್ತೂವರೆ ಬೀಜ, ಆದರೆ ಎರಡು ಸರದಿಯೊಳಗೆ ಹಿಂದಿರುಗಬೇಕು, ಇಲ್ಲವಾದರೆ ಡೇರೆಯೂ ಔಷಧವೂ ಇಲ್ಲದ ಜನ ಮಳೆಯಲ್ಲಿ ರೋಗ ಬೀಳುತ್ತಾರೆ.

ಈ ನಿಯಮಗಳನ್ನೆಲ್ಲ ಬರೆದುಕೊಂಡು ನಾವು ಈ ವರ್ಷದ ಆರಿದ್ರಾ ಮಳೆಯಲ್ಲಿ ಎರಡನೆಯ ಸಲ ಆಡಿದೆವು. ಹೊರಗೆ ರಾಣೆಬೆನ್ನೂರಿನ ಹಂಚಿನ ಮೇಲೆ ಮಳೆ ಒಂದೇ ಸಮನೆ ಬೀಳುತ್ತಿತ್ತು. ನಾನು ಎಪ್ಪತ್ತು ಬೀಜಗಳೊಡನೆ ಹರಿಹರವನ್ನು ಬಿಟ್ಟು, ಬರಿಬೆನ್ನಿನ ಎತ್ತುಗಳನ್ನು ಪ್ರತಿ ಸರದಿಯಲ್ಲೂ ಹಿಂದಕ್ಕೆ ಕಳಿಸುತ್ತ, ನಾಲ್ಕನೆಯ ಸರದಿಯಲ್ಲಿ ದೇವಗಿರಿಯ ಬಳಿ ವರದೆಯ ದಡಕ್ಕೆ ಬಂದು ನಿಂತೆನು. ಮಿತ್ರರು ನದಿಯ ದಾಳವನ್ನು ಉರುಳಿಸಿದರು: ತುಂಬು ಪ್ರವಾಹ, ಒಂದು ಸರದಿ ಕಾಯಬೇಕು. ನನ್ನ ಬಟ್ಟಲಿನಲ್ಲಿ ಇಪ್ಪತ್ತೊಂದು ಬೀಜಗಳಿದ್ದವು. ಅರ್ಧ ಪಡಿಯ ಆಜ್ಞೆಯನ್ನು ಚೀಟಿಯಲ್ಲಿ ಬರೆದು ಅವರ ಮುಂದಿಟ್ಟು, ಎಂಟು ಬೀಜಗಳನ್ನು ಎಣಿಸಿ ಪಕ್ಕಕ್ಕೆ ತೆಗೆದೆನು.